ಹದಿನಾಲ್ಕನೇ ಪುಟದ ಹಗೇವು

ನವೆಂಬರದ ಒಂದು ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ನಾನು ನಿಪ್ಪಾಣಿ ಬಿಟ್ಟೆ. ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ರಕ್ತದೊತ್ತಡದ ಗುಳಿಗೆ, ನಾನೇ ಬರೆದ ಮಕ್ಕಳ ಪುಸ್ತಕದ ಒಂದು ಪ್ರತಿ ಮತ್ತು ಆ ಪುಸ್ತಕದ ಮೇಲೆ ಬಂದಿದ್ದ ಒಂದು ಆಪಾದನಾ ಪತ್ರ ಇದ್ದವು. ಪತ್ರ ಬರೆದವಳು ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಯ ಏಳನೇ ಇಯತ್ತೆಯ ಹುಡುಗಿ. ಅದರ ಪೂರ್ಣಪಾಠ ಇಷ್ಟೇ: “ಮಾನ್ಯ ಲೇಖಕರಿಗೆ ನಮಸ್ಕಾರಗಳು. ನಿಮ್ಮ ಪುಸ್ತಕದ ಹದಿನಾಲ್ಕನೇ ಪುಟದಲ್ಲಿ ಸಾವುಕಾರರು ಸಾಯಬೇಕಾಗಿತ್ತು. ಆದರೆ ನೀವು ಸಾಯಿಸಿಲ್ಲ. ಯಾಕೆ ಎಂದು ತಿಳಿಸಬೇಕು. ಇಂತಿ ತಮ್ಮ ವಿಧೇಯ, ಲಕ್ಷ್ಮಿ.”

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತನಾದ ನನ್ನನ್ನು, ಒಬ್ಬರನ್ನು ಕೊಲ್ಲದೆ ಬಿಟ್ಟಿದ್ದಕ್ಕೆ ಈವರೆಗೆ ಯಾರೂ ಜವಾಬು ಕೇಳಿರಲಿಲ್ಲ. ಟಪಾಲಿನಲ್ಲೇ ಉತ್ತರ ಬರೆದು ಮುಗಿಸಬಹುದಾಗಿತ್ತು. ಆದರೆ ಪುಸ್ತಕದ ಎರಡನೆಯ ಮುದ್ರಣ ಅಥಣಿಯ ಒಂದು ಛಾಪಖಾನೆಯಲ್ಲಿ ಸಿದ್ಧವಾಗಿ ನಿಂತಿತ್ತು. ಮರುದಿನ ಸಂಜೆ ಯಂತ್ರಕ್ಕೆ ಏರುವುದಿತ್ತು. ಒಮ್ಮೆ ಅಚ್ಚಾದ ತಪ್ಪು ಶಾಲೆಯ ಕಪಾಟಿನಲ್ಲಿ ನನಗಿಂತ ಹೆಚ್ಚು ಕಾಲ ಬಾಳುತ್ತದೆ. ಆದ್ದರಿಂದ ಆರೋಪಿಯೇ ಸ್ವಖರ್ಚಿನಲ್ಲಿ ಫಿರ್ಯಾದಿಯ ಊರಿಗೆ ಹೊರಟ.

ಹದಿನಾಲ್ಕನೇ ಪುಟದಲ್ಲಿ ಇದ್ದದ್ದು ಹೀಗೆ. ಮುತ್ತಜ್ಜರ ಕಾಲದ ಒಂದು ಬರಗಾಲ. ಪಾಯಪ್ಪ ಸಾವುಕಾರ ತನ್ನ ಹಗೇವು ತೆಗೆಸುತ್ತಾನೆ. ಹಗೇವೆಂದರೆ ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದ ಕಣಜ. ಹಸಿದ ಜನರನ್ನು ಕಂಡು ಸಾವುಕಾರನ ಕಣ್ಣು ತುಂಬುತ್ತದೆ. ಚಪ್ಪಡಿ ಸರಿಸಿದ ಗಳಿಗೆಯಲ್ಲೇ ತಾನೇ ಒಳಗೆ ಜಿಗಿದು, ಬುಟ್ಟಿ ಬುಟ್ಟಿ ಜೋಳ ಮೇಲಕ್ಕೆ ಕಳಿಸುತ್ತಾನೆ. ಈ ಕತೆಯನ್ನು ನಾನು ಒಂದು ಮದುವೆಯ ಪಂಕ್ತಿಯಲ್ಲಿ, ಎಡಗಡೆ ಕುಳಿತಿದ್ದ ಪಾಯಪ್ಪನ ಮೊಮ್ಮಗನ ಬಾಯಿಂದಲೇ ಕೇಳಿದ್ದೆ. ಆಗ ಹೋಳಿಗೆ ಬಡಿಸುತ್ತಿದ್ದರು. ಐತಿಹಾಸಿಕ ಆಧಾರಗಳನ್ನು ಪರಿಶೀಲಿಸಲು ಅದು ಸೂಕ್ತ ಸಮಯವಾಗಿರಲಿಲ್ಲ.

ಚಿಕ್ಕೋಡಿಗೆ ಸುಮಾರು ಒಂದು ತಾಸು. ಹೆಂಗಸರಿಗೆ ಟಿಕೆಟ್ಟಿಲ್ಲದ ಕಾಲವಾದ್ದರಿಂದ ಕಂಡಕ್ಟರ್ ನನ್ನನ್ನು ಕಂಡೊಡನೆ ವಿಶೇಷ ಗೌರವದಿಂದ ಹತ್ತಿರ ಬಂದ. ಸ್ಟ್ಯಾಂಡಿನ ಎದುರು ಮಿಸಳ್ ತಿಂದೆ. ಖಾರ ಕಿವಿಯವರೆಗೆ ಏರಿತು. ಮುಂದೆ ರಾಯಬಾಗದ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೆ ಎರಡೆರಡು ಟ್ರೇಲರು. ನಮ್ಮ ಬಸ್ಸು ಅವುಗಳ ಹಿಂದೆ ಶವಯಾತ್ರೆಯ ಗಾಂಭೀರ್ಯದಲ್ಲಿ ಸಾಗಿತು. ರಾಯಬಾಗದಿಂದ ಹಳ್ಳಿಗೆ ಜೀಪು. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಅರ್ಧ ಸೀಟು ಮತ್ತು ಅಪರಿಚಿತರೊಬ್ಬರ ಪೂರ್ತಿ ಆಡಿನ ಮರಿ.

ಶಾಲೆಯ ಶಿಕ್ಷಕಿ ಶೋಭಾ ಅವರನ್ನು ಮಕ್ಕಳು ಅಕ್ಕೋರು ಎನ್ನುತ್ತಿದ್ದರು. ಅಕ್ಕೋರು ನನ್ನನ್ನು ತರಗತಿಯ ಮುಂದೆ ನಿಲ್ಲಿಸಿ, “ಲಕ್ಷ್ಮಿ, ಸರ್ ಖುದ್ದ ಬಂದಾರ. ನೀ ಬರದಿದ್ದ ಬಾಯಿಲೆ ಹೇಳು” ಎಂದರು.

ಎರಡು ಜಡೆಯ ಗಟ್ಟಿ ಹುಡುಗಿಯೊಬ್ಬಳು ಎದ್ದಳು. “ಸರ್, ಹಗೇವ ತಗದ ಕೂಡ್ಲೆ ಯಾರೂ ಇಳಿಯಂಗಿಲ್ರಿ. ಒಳಗ ಕೆಟ್ಟ ಗಾಳಿ ಇರ್ತೈತ್ರಿ. ಮೊದ್ಲ ಹಗ್ಗಾ ಕಟ್ಟಿ ಕಂದೀಲ ಬಿಡ್ತಾರ್ರಿ. ಕಂದೀಲ ಆರಿತಂದ್ರ ಮರುದಿನದ ತನಕ ಕಾಯಬೇಕ್ರಿ. ನಿಮ್ಮ ಸಾವಕಾರ ಕಂದೀಲಾನೂ ಬಿಡಲಿಲ್ಲ, ಜಿಗದಬಿಟ್ಟ. ಸಾಯಬೇಕಲ್ರಿ?”

ಹಿಂದಿನ ಸಾಲಿನಿಂದ ಒಂದು ದನಿ ಬಂತು: “ಹದಿನೈದನೇ ಪುಟದಾಗ ಮ್ಯಾಲ ಬಂದು ಭಾಷಣಾನೂ ಮಾಡ್ತಾನ್ರಿ!”

“ಸತ್ತ ಮ್ಯಾಲ ಭಾಷಣ!” ಎಂದಳು ಇನ್ನೊಬ್ಬಳು. ತರಗತಿಯೇ ನಕ್ಕಿತು. ಅಕ್ಕೋರು ಕರಿಹಲಗೆಯ ಕಡೆಗೆ ತಿರುಗಿ ನಿಂತರು. ಅವರ ಬೆನ್ನು ಕುಲುಕುತ್ತಿತ್ತು.

“ಅದು ಕತಿ, ಅವ್ವಾ” ಎಂದು ನಾನು ಕೊನೆಯ ಕೋಟೆಯೊಳಗೆ ಹೊಕ್ಕೆ.

“ಮ್ಯಾಲ ರಟ್ಟಿನ ಮ್ಯಾಲ ‘ನಡೆದ ಕತೆಗಳು’ ಅಂತ ಬರದೀರಲ್ರಿ ಸರ್.”

ಕೋಟೆ ಬಿತ್ತು. ಇದೆಲ್ಲ ನಿನಗೆ ಯಾರು ಹೇಳಿದರು ಎಂದು ಕೇಳಿದೆ. “ನಮ್ಮ ಆಯಿ ಹೇಳ್ಯಾಳ್ರಿ. ಇಳಿದಾಂವ ಸಾವಕಾರ ಅಲ್ಲಂತ್ರಿ. ಆಯಿಯ ಅಜ್ಜಂತ.”

ಶಾಲೆ ಬಿಟ್ಟ ಮೇಲೆ ಲಕ್ಷ್ಮಿ ಮತ್ತು ಅಕ್ಕೋರ ಜೊತೆ ಲಕ್ಷ್ಮಿಯ ಮನೆಗೆ ಹೋದೆ. ಲಕ್ಷ್ಮಿಯ ಅಜ್ಜಿ ಕಾಶವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದರು. ವಯಸ್ಸು ಎಂಬತ್ತು ದಾಟಿದೆ, ಕಣ್ಣಿಗೆ ಪೊರೆ ಬಂದಿದೆ, ನಾಲಿಗೆಗೆ ಏನೂ ಬಂದಿಲ್ಲ.

“ಬರ್ರಿ ಮಾಸ್ತರ. ಸಾವಕಾರನ್ನ ಹಗೇವಿನಾಗ ಜಿಗಿಸಿದಾವ್ರು ನೀವೇನು?”

ಹೌದೆಂದು ಒಪ್ಪಿಕೊಂಡೆ. ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿ ಅವರು ಹೇಳಿದ್ದು ಇಷ್ಟು. ಕಾಶವ್ವನ ಅಜ್ಜ ಸಿದ್ರಾಮ ಕೂಲಿಯವನು. ಊರಿನ ಹಗೇವುಗಳಿಗೆ ಇಳಿದು ಕಾಳು ತುಂಬಿ ಕಳಿಸುವುದು ಅವನ ಕೆಲಸ. ಬರ ಬಿದ್ದಾಗ ಪಾಯಪ್ಪ ಸಾವುಕಾರ ತಾನಾಗಿಯೇ ಹಗೇವು ತೆಗೆಸಿದ. ಅದು ಸುಳ್ಳಲ್ಲ. ಕಂದೀಲು ಬಿಟ್ಟರು; ಆರಿತು. ನಾಳೆ ಇಳಿಯೋಣ ಎಂದು ಸಾವುಕಾರ ಕೈ ಮುಗಿದು ಹೇಳಿದ. ಜನ ಕೇಳಲಿಲ್ಲ. ಇಳಿ, ಇಳಿ ಎಂದು ಕೂಗಿದರು. ಸಿದ್ರಾಮ ಇಳಿದ. ಒಂದಷ್ಟು ಬುಟ್ಟಿ ಮೇಲೆ ಬಂದವು. ಆಮೇಲೆ ಹಗ್ಗ ಎಳೆದರೂ ಬುಟ್ಟಿ ಖಾಲಿ.

“ಈ ಸಂಗತಿ ಊರಾಗ ಯಾರೂ ಹೇಳಲಿಲ್ಲೇನ್ರಿ?”

“ಯಾರ್ ಹೇಳತಾರ? ಒದರಿದಾವ್ರೂ ಇವರ, ಆ ಜೋಳದ ರೊಟ್ಟಿ ಉಂಡಾವ್ರೂ ಇವರ. ನಾಚಿಕಿ ಬರಂಗಿಲ್ಲೇನು?”

ನನ್ನೊಳಗಿನ ಲೇಖಕ ಅಷ್ಟರಲ್ಲಿ ಎದ್ದು ಕುಳಿತಿದ್ದ. “ಆಯಿ, ನಿಮ್ಮಜ್ಜನ ತ್ಯಾಗಾ ನಾ ಸುವರ್ಣಾಕ್ಷರದಾಗ ಬರೀತೀನ್ರಿ. ಅಂಥಾ ಶೂರ—”

“ಸುವರ್ಣ ಗಿವರ್ಣ ಬ್ಯಾಡ” ಎಂದರು ಕಾಶವ್ವ, ಶೇಂಗಾ ಬುಟ್ಟಿ ಕೆಳಗಿಟ್ಟು. “ಶೂರ ಅಂತ ಬರದ್ರ ನಾಳೆ ಈ ಹುಡ್ರೂ ಜಿಗೀತಾವ. ಹಿತ್ತಲದಾಗ ಇನ್ನೂ ಎರಡ ಹಳೇ ಹಗೇವ ಅದಾವ, ನೋಡಿ ಹೋಗ್ರಿ ಬೇಕಾದ್ರ. ಕಂದೀಲ ಆರಿತ್ತು. ಆತ ಕಾಯಬೇಕಾಗಿತ್ತು, ಕಾಯಲಿಲ್ಲ. ಹಂಗ ಬರೀರಿ. ಹೆಸರ ಬರೀರಿ. ನಾ ಇರೂದ್ರಾಗ ಒಮ್ಮೆ ಆ ಹೆಸರ ಪುಸ್ತಕದಾಗಿಂದ ಓದಿದ್ದು ಕೇಳಬೇಕು. ಇಷ್ಟ ನನ್ನ ಆಸೆ.”

ಹಿತ್ತಲಿಗೆ ಹೋಗಿ ನೋಡಿದೆ. ಎರಡು ಬಾಯಿಗಳ ಮೇಲೂ ಮುಳ್ಳು ಹೇರಿ ಕಲ್ಲಿಟ್ಟಿದ್ದರು. ನನ್ನ ಪುಸ್ತಕ ಓದಿ ಒಬ್ಬ ಹುಡುಗನಾದರೂ ಜಿಗಿದಿದ್ದರೆ ಎಂದು ಯೋಚಿಸುತ್ತ ಕಲ್ಲುಗಳನ್ನು ಒತ್ತಿ ನೋಡಿದೆ. ಮಕ್ಕಳಿಗೆ ಬರೆಯುವುದು ಸುಲಭವೆಂದು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ.

ಅಂದು ಕುಡಚಿಯಲ್ಲಿ ಉಳಿದುಕೊಂಡೆ. ಬೆಳಿಗ್ಗೆ ಚಹಾ ಅಂಗಡಿಯ ಮಾಲೀಕರು, ಎಲ್ಲರೂ ಚಾಚಾ ಎನ್ನುವ ಹಿರಿಯರು, ನನ್ನ ಪುಸ್ತಕ ತಿರುವಿ ಹದಿನಾಲ್ಕನೇ ಪುಟದ ಚಿತ್ರದ ಮೇಲೆ ಬೆರಳಿಟ್ಟರು. ರುಮಾಲು ಸುತ್ತಿದ ಸಾವುಕಾರ ಎರಡೂ ಕೈ ಚಾಚಿ ಗಾಳಿಯಲ್ಲಿದ್ದ. “ಇಂವ ಹೊಳಿಗೆ ಈಜಾಕ ಹೊಂಟಾನೇನ್ರಿ ಸಾಹೇಬ್ರ?” ಎಂದರು. ಕಲಾವಿಮರ್ಶೆಯನ್ನು ವಿನಯದಿಂದ ಸ್ವೀಕರಿಸಿ ಕಾಗವಾಡದ ಬಸ್ಸು ಹತ್ತಿದೆ. ಸೇತುವೆಯ ಕೆಳಗೆ ಕೃಷ್ಣೆ ತಣ್ಣಗೆ, ಕಂದು ಬಣ್ಣ ಇಳಿದು ತಿಳಿಯಾಗಿ ಹರಿಯುತ್ತಿದ್ದಳು. ಉಗಾರ ದಾಟುವಾಗ ಸಕ್ಕರೆ ಕಾರ್ಖಾನೆಯ ವಾಸನೆ ಬಸ್ಸಿನೊಳಗೆ ಬಂದು ನಮ್ಮೊಡನೆಯೇ ಬಹಳ ದೂರ ಪ್ರಯಾಣ ಮಾಡಿತು.

ಕಾಗವಾಡದಲ್ಲಿ ಪಾಯಪ್ಪ ಸಾವುಕಾರನ ಮೊಮ್ಮಗ ಭೂಪಾಲಣ್ಣನವರ ಮನೆ. ಮದುವೆಯ ಪಂಕ್ತಿಯಲ್ಲಿ ನನ್ನ ಎಡಗಡೆ ಇದ್ದವರು ಇವರೇ. ಎಪ್ಪತ್ತರ ಹತ್ತಿರದ, ನಿಧಾನ ಮಾತಿನ ಹಿರಿಯರು. “ಜೈ ಜಿನೇಂದ್ರ, ಬರ್ರಿ ಮಾಸ್ತರ” ಎಂದು ಕೈ ಹಿಡಿದು ಒಳಗೆ ಕರೆದು ತಾಟು ಹಾಕಿಸಿದರು. ಬಿಸಿ ಚಪಾತಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಉಳ್ಳಾಗಡ್ಡಿಯ ಸುಳಿವಿಲ್ಲ. ಊಟ ಮುಗಿಯುವವರೆಗೆ ವಿಷಯ ಎತ್ತಲು ನನಗೆ ಧೈರ್ಯವಾಗಲಿಲ್ಲ. ಎತ್ತಿದ ಮೇಲೆ ಅವರು ಬಹಳ ಹೊತ್ತು ಕೈ ತೊಳೆದರು.

“ಆ ಕಪಾಟ ನೋಡ್ರಿ” ಎಂದರು. ಗಾಜಿನ ಹಿಂದೆ ಹಿತ್ತಾಳೆ ಬಣ್ಣದ ಒಂದು ಬಹುಮಾನದ ಕಪ್ ಇತ್ತು. “ನನ್ನ ಮೊಮ್ಮಗ ನಿಮ್ಮ ಪುಸ್ತಕಾ ಬಾಯಿಪಾಠ ಮಾಡಿ ಭಾಷಣದಾಗ ಗೆದ್ದ ತಂದಾನ. ‘ನಮ್ಮ ಅಜ್ಜನ ಅಜ್ಜ ಜಿಗದ’ ಅಂತ. ಈಗ ಅಂವಗ ಏನ್ ಹೇಳ್ಲಿ?”

ಅವರು ಅಡಿಕೆ ಕತ್ತರಿಸುತ್ತ ತಾವೇ ಮುಂದುವರಿಸಿದರು.

“ನಮ್ಮಜ್ಜ ಆಮ್ಯಾಲ ಮತ್ತೊಂದ ಹಗೇವ ತಗಿಸಲಿಲ್ರಿ. ಎಲ್ಲಾ ಮಣ್ಣ ತುಂಬಿಸಿ ಆ ಊರ ಬಿಟ್ಟ ಇಲ್ಲಿಗೆ ಬಂದ. ಯಾಕಂತ ಮನ್ಯಾಗ ಯಾರೂ ಕೇಳಂಗಿರಲಿಲ್ಲ. ನಮ್ಮಪ್ಪ ನನಗ ಒಮ್ಮೆ ಹೇಳಿದ್ದ, ಸಿದ್ರಾಮನ ಸುದ್ದಿ.”

“ಹಂಗಾದ್ರ ಅಜ್ಜನ್ನ ಜಿಗಿಸಿದಾವ್ರು ಯಾರ್ರಿ?”

“ನಾನ ಜಿಗಿಸೀನಿ” ಎಂದರು ಭೂಪಾಲಣ್ಣ, ಸಣ್ಣ ದನಿಯಲ್ಲಿ. “ನನ್ನ ಮಕ್ಕಳು ಸಣ್ಣವಿದ್ವು. ಕತಿ ಹೇಳು ಅಂತಿದ್ವು. ಮಲಗೂ ಹುಡ್ರಿಗೆ ಒಬ್ಬಾಂವ ಇಳಿದಾಂವ ಮ್ಯಾಲ ಬರಲಿಲ್ಲ ಅಂತ ಹೆಂಗ ಹೇಳೂದ್ರಿ? ಅದಕ್ಕ ಅಜ್ಜನ್ನ ಇಳಿಸಿದ್ನಿ. ಅಜ್ಜ ಮುಪ್ಪಾಗೂ ತನಕ ಬದುಕಿದ್ದ ಅಂತ ಅವಕ್ಕ ಗೊತ್ತಿತ್ತು, ಅಂಜಲಿಲ್ಲ, ಮಲಗಿದ್ವು. ಅದ ಹಾಂಗ ಉಳೀತು. ಮದುವಿಯಾಗ ನಿಮಗೂ ಹಾಂಗ ಹೇಳಿಬಿಟ್ನಿ.”

ಇತಿಹಾಸದ ಪಾಠದಲ್ಲಿ ಸುಳ್ಳು ಹುಟ್ಟುವುದು ರಾಜರಿಂದ, ಆಸ್ಥಾನದ ಹೊಗಳುಭಟ್ಟರಿಂದ ಎಂದು ನಾನು ಮೂವತ್ತು ವರ್ಷ ಕಲಿಸಿದೆ. ಮಕ್ಕಳಿಗೆ ನಿದ್ದೆ ಬರಲಿ ಎಂಬ ತಂದೆಯ ಕಾಳಜಿಯಿಂದಲೂ ಅದು ಹುಟ್ಟಬಹುದು ಎಂದು ನನ್ನ ಯಾವ ಟಿಪ್ಪಣಿಯಲ್ಲೂ ಇರಲಿಲ್ಲ.

ಹೊರಡುವಾಗ ಭೂಪಾಲಣ್ಣ ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದರು. ಬಸ್ಸು ಬಂದ ಮೇಲೆ ನನ್ನ ಚೀಲ ಮೇಲಕ್ಕೆ ಕೊಟ್ಟು ಹೇಳಿದರು: “ಜಿಗದಿದ್ದು ತಗೀರಿ. ಕೊಟ್ಟಿದ್ದು ಇರ್ಲಿ. ಹುಡುಗಗ ನಾ ಹೇಳ್ತೀನಿ, ಕಪ್ ನಿಂದ, ಕತಿ ಅಷ್ಟ ಬದಲಾತು ಅಂತ.”

ಅಥಣಿ ತಲುಪಿದಾಗ ಮಧ್ಯಾಹ್ನ ಎರಡೂವರೆ. ಛಾಪಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಸುನಂದಾ ಎಂಬ ಹೆಣ್ಣುಮಗಳು ನನ್ನನ್ನು ಕಂಡು, “ಈಗ ಏನೂ ತಿದ್ದಬ್ಯಾಡ್ರಿ ಸರ್, ಕಾಲ್ ಬೀಳ್ತೀನಿ” ಎಂದಳು. ಕತೆಯನ್ನೇ ಬದಲಿಸಬೇಕು ಎಂದಾಗ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಕುಳಿತಲ್ಲೇ ಹೊಸದಾಗಿ ಬರೆದೆ. ಎರಡು ಸಲ ‘ವೀರ’ ಎಂಬ ಪದ ತಾನಾಗಿ ಬಂತು, ಎರಡು ಸಲ ಹೊಡೆದು ಹಾಕಿದೆ. ಗಾಳಿಯಲ್ಲಿದ್ದ ಸಾವುಕಾರನನ್ನು ಚಿತ್ರಸಮೇತ ಪುಟದಿಂದ ಇಳಿಸಿದೆವು. ಸುನಂದಾ ಬೆರಳಚ್ಚು ಮಾಡಿ ಮುಗಿಸಿ, “ಕಡೀಕ ನೀತಿ ಹಾಕಲಿಲ್ಲಲ್ರಿ? ಎಲ್ಲಾ ಕತಿಗೂ ಐತಿ” ಎಂದಳು. ಇದಕ್ಕೆ ಬೇಡ ಎಂದೆ.

ಯಂತ್ರಕ್ಕೆ ಕಳಿಸುವ ಮುನ್ನ ಅಕ್ಕೋರಿಗೆ ಫೋನು ಮಾಡಿದೆ. ಶನಿವಾರದ ಅರ್ಧ ದಿನದ ಶಾಲೆ ಮುಗಿದಿತ್ತು; ಅವರು ಕಾಶವ್ವನ ಮನೆಗೆ ಹೋಗಿ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟರು. ನಾನು ಓದಿದೆ. “ಎಂಟು ಬುಟ್ಟಿ ಜೋಳ ಮೇಲೆ ಬಂತು” ಎಂಬಲ್ಲಿಗೆ ಬಂದಾಗ ಲಕ್ಷ್ಮಿಯ ದನಿ ಅಡ್ಡ ಬಂತು.

“ಎಂಟಂತ ಯಾರ್ ಹೇಳಿದ್ರಿ ಸರ್?”

ಯಾರೂ ಹೇಳಿರಲಿಲ್ಲ. ಅದು ನನ್ನ ಕೈಯ ಹಳೆಯ ಚಾಳಿ. ಸುನಂದಾ ನನ್ನ ಮುಖ ನೋಡಿದಳು. ಆ ವಾಕ್ಯ ಅಳಿಸಿ, “ಎಷ್ಟು ಬುಟ್ಟಿ ಬಂತೆಂದು ಯಾರಿಗೂ ನೆನಪಿಲ್ಲ” ಎಂದು ಹಾಕಿಸಿದೆ.

“ಪುಸ್ತಕದಾಗ ಹಂಗ ಬರೀತಾರೇನ್ರಿ?” ಎಂದು ಸುನಂದಾ ಕೇಳಿದಳು.

“ಇಷ್ಟ ದಿನಾ ಬರದಿಲ್ಲ ನೋಡವಾ” ಎಂದೆ.

ಆಗ ಫೋನಿನಲ್ಲಿ ಕಾಶವ್ವ ಮಾತಾಡಿದರು. “ಮಾಸ್ತರ, ಹೆಸರ ಇದ್ದಲ್ಲಿ ಇನ್ನೊಮ್ಮೆ ಓದ್ರಿ.” ನಿಧಾನವಾಗಿ ಓದಿದೆ: “ಇಳಿದವನ ಹೆಸರು ಸಿದ್ರಾಮ. ಕಂದೀಲು ಆರಿತ್ತು. ಅವನು ಕಾಯಬೇಕಾಗಿತ್ತು. ಮೇಲಿನಿಂದ ನೋಡುತ್ತ ನಿಂತವರೂ ಕಾಯಬೇಕಾಗಿತ್ತು.”

ಆ ಕಡೆ ಕಾಶವ್ವ ಮೊಮ್ಮಗಳಿಗೆ ಹೇಳುತ್ತಿದ್ದುದು ಕೇಳಿಸಿತು: “ಕೇಳಿದಿಲ್ಲ? ನಿಂತಾವ್ರೂ ಕಾಯಬೇಕಾಗಿತ್ತಂತ. ಇದನ್ನ ನಾ ಹೇಳಿರಲಿಲ್ಲ. ಇರ್ಲಿ. ಖರೇನ ಐತಿ.”

ಚಿಕ್ಕೋಡಿಗೆ ನಾಲ್ಕೂವರೆಯ ಬಸ್ಸು ಸಿಕ್ಕಿತು. ಬಸ್ಸು ಛಾಪಖಾನೆಯ ಓಣಿಯ ಮುಂದೆ ಹಾಯುವಾಗ ಕಿಟಕಿಯಿಂದ ತಿರುಗಿ ನೋಡಿದೆ. ಸುನಂದಾ ಬಾಗಿಲಲ್ಲಿ ನಿಂತು, ಆಗಷ್ಟೇ ಅಚ್ಚಾದ ಹಾಳೆಯೊಂದನ್ನು ಇಳಿಬಿಸಿಲಿಗೆ ಹಿಡಿದು ಓದುತ್ತಿದ್ದಳು. ತುಟಿಗಳು ಅಲುಗುತ್ತಿದ್ದವು. ಕೊನೆಯ ಸಾಲಿಗೆ ಬಂದು, ಇನ್ನೇನೋ ಇರಬೇಕೆಂಬಂತೆ, ಹಾಳೆ ತಿರುವಿ ನೋಡಿದಳು.