ತಿರುವಿನ ಮಣ್ಣಿಗೆ ಮೀನಿನ ಸಾರು

ನೆಲಮಾಳಿಗೆಯಿಂದ ಮೇಲೆ ಬಂದ ಕೂಡಲೇ ಮಾವ್ರಾ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಕೊರೆಯುವ ಕೈಯನ್ನು ನನ್ನ ಕುತ್ತಿಗೆಗೆ ಒತ್ತುವುದು. ನಾನು ಸೌಟು ಎತ್ತಿಕೊಂಡು ಕಿರುಚುತ್ತಿದ್ದೆ.

“ಅಯ್ಯೋ, ನಿನ್ನ ಮನೆ ಹಾಳಾಗ! ಇದೇನು ಕೈಯೇನೇ, ಹೆಣದ ಕೈ!”

“ಒಲೆ ಮುಂದೆ ಕೂತು ಕೂತು ಕೊಬ್ಬಿದೀಯ ಗ್ರೂನ್ಯಾ. ಸ್ವಲ್ಪ ಹೆಪ್ಪುಗಟ್ಟು, ಕೆಡದೆ ಇರ್ತೀಯ.”

ಕೊಲಿಮಾ ನದಿಯ ದಂಡೆಯ ಆ ಮಣ್ಣಿನ ಸಂಶೋಧನಾ ಕೇಂದ್ರದಲ್ಲಿ ನಾನು ಅಡುಗೆಯವಳು, ಅವಳು ಪ್ರಯೋಗಶಾಲೆಯ ಸಹಾಯಕಿ. ಇಬ್ಬರಿಗೂ ಸೇರಿ ಒಂದೇ ಕೋಣೆ. ರಾತ್ರಿ ಅವಳ ಗೊರಕೆ, ಹಗಲು ನನ್ನ ಬೈಗುಳ, ಹೀಗೆಯೇ ವರ್ಷಗಳು ಕಳೆದವು. ಎಂದೂ ಕರಗದ ಆ ನೆಲವನ್ನು ಕೊರೆದು ಮಾಡಿದ ನೆಲಮಾಳಿಗೆಯಲ್ಲಿ ಒಂದು ಪಕ್ಕ ನನ್ನ ಮೀನು, ಇನ್ನೊಂದು ಪಕ್ಕ ಅವಳ ಮಣ್ಣಿನ ಡಬ್ಬಿಗಳು. ಮಣ್ಣಿಗೆ ಬೆಚ್ಚನೆಯ ಉಸಿರು ತಾಗಬಾರದೆಂದು ಮೂಗು ಬಾಯಿಗೆ ಶಾಲು ಬಿಗಿದು, ತೆಳು ಕೈಗವಸಿನಲ್ಲಿ ಅದನ್ನು ಪುಡಿ ಮಾಡಿ ಬೆರೆಸುತ್ತಿದ್ದಳು. ಆಮೇಲೆ ಯಂತ್ರ ಪತ್ತೆ ಹಚ್ಚುವಂತೆ ಗುರುತು ಸೇರಿಸಿದ ಆಹಾರದ ಒಂದೊಂದು ಹನಿಯನ್ನು ಪ್ರತಿ ಡಬ್ಬಿಗೂ ಬಿಡುವುದು. ಆ ಚಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ತಿಂಗಳುಗಟ್ಟಲೆ ಬೇಕು. ಕೊನೆಗೆ ಎಷ್ಟು ತಿಂದಿವೆ ಎಂದು ಯಂತ್ರದಲ್ಲಿ ನೋಡಿದರೆ ಎಷ್ಟು ಬೆಳೆದಿವೆ ಎಂಬುದು ತಿಳಿಯುತ್ತದೆ. ಇಷ್ಟು ನನಗೂ ಅರ್ಥವಾಗಿತ್ತು.

ನಮ್ಮ ಕಡೆ ನೆಲ ಅಗೆದರೆ ಅದರ ಬಾಯಿಗೆ ಏನಾದರೂ ಇಡಬೇಕು. ಬಾಯಿ ತೆರೆಸಿ ಏನೂ ಇಡದೆ ಎದ್ದು ಬರುವವರು ಯಾರೂ ಇಲ್ಲ. ಮಾವ್ರಾ ಮಣ್ಣು ತೆಗೆಯಲು ತೋಡಿದ ಪ್ರತಿ ಗುಂಡಿಯ ಪಕ್ಕದಲ್ಲಿ ಚೂರು ರೊಟ್ಟಿ, ಚಿಟಿಕೆ ತಂಬಾಕು ಇಡುತ್ತಿದ್ದಳು. ಕೇಂದ್ರದ ಮುಖ್ಯಸ್ಥ ಗ್ಲೆಬ್ ಅರ್ಕಾದಿಚ್ ದೂರದ ದೊಡ್ಡ ಊರಿನವನು, ಕನ್ನಡಕ ಒರೆಸುತ್ತಲೇ ಮಾತಾಡುವವನು. ಅವನು ಅಡ್ಡಿ ಮಾಡುತ್ತಿರಲಿಲ್ಲ.

“ಗುಂಡಿಯಿಂದ ದೂರ ಇಡಿ ಮಾವ್ರಾ ಯೆಗೊರೊವ್ನಾ, ಅಷ್ಟು ಸಾಕು,” ಎನ್ನುತ್ತಿದ್ದ.

“ನೀವೂ ಉಣಿಸ್ತೀರ, ನಾನೂ ಉಣಿಸ್ತೀನಿ. ನೀವು ಲೆಕ್ಕ ಕೇಳ್ತೀರ, ನಾನು ಕೇಳಲ್ಲ, ಅಷ್ಟೇ,” ಎಂದು ಅವಳು ನಗುತ್ತಿದ್ದಳು.

ಅವಳ ಗಂಡ ಪ್ರೊಕೋಪಿ ಕೇಂದ್ರದ ಟ್ರ್ಯಾಕ್ಟರ್ ಚಾಲಕನಾಗಿದ್ದ. ಒಂದು ವಸಂತದಲ್ಲಿ, ಬೇಡವೆಂದರೂ ಕೇಳದೆ, ನದಿಯ ತಿರುವಿನಲ್ಲಿ ಮಂಜುಗಡ್ಡೆಯ ಮೇಲೆ ಟ್ರ್ಯಾಕ್ಟರ್ ಓಡಿಸಿದ. ಮಂಜುಗಡ್ಡೆ ಒಡೆಯಿತು. ಟ್ರ್ಯಾಕ್ಟರೂ ಸಿಗಲಿಲ್ಲ, ಅವನೂ ಸಿಗಲಿಲ್ಲ. ಪ್ರವಾಹ ಇಳಿದಾಗ ಆ ದಂಡೆಯ ಮೇಲೆ ಹೊಸ ಹೂಳು ಕೂತಿತ್ತು. ಅದರಡಿ ಅವನಿದ್ದಾನೆ ಎಂಬುದು ಮಾವ್ರಾಳ ನಂಬಿಕೆ. ಹೆಣ ಸಿಗದವನಿಗೆ ತಿಥಿಯೂಟ ಬಡಿಸುವುದೆಲ್ಲಿ? ಅವನು ಹಸಿದಿದ್ದಾನೋ ಇಲ್ಲವೋ, ಇಟ್ಟದ್ದು ಅವನಿಗೆ ಮುಟ್ಟುತ್ತದೋ ಇಲ್ಲವೋ, ಇದೊಂದೇ ಅವಳ ಎದೆ ಕೊರೆಯುವ ಹುಳು. “ತಿಂತಾನೆ ಅಂತ ಒಂದು ಸಲ ಗೊತ್ತಾದ್ರೆ ಸಾಕು ಕಣೇ,” ಎಂದು ಎಷ್ಟು ಸಲ ಅತ್ತಿದ್ದಳೋ. ನನಗೂ ಕರುಳು ಕಿತ್ತು ಬರುತ್ತಿತ್ತು. ಆದರೆ ಸಮಾಧಾನದ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. “ಮಲಗೇ ಸುಮ್ನೆ,” ಎನ್ನುತ್ತಿದ್ದೆ.

ಮಾಸ್ಕೋದಲ್ಲಿ ಕೆಂಪು ಬಾವುಟ ಇಳಿದು ಸರ್ಕಾರ ಬದಲಾದ ಮರುವರ್ಷ, ಕೇಂದ್ರ ಮುಚ್ಚುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಹೊಸದೇನಾದರೂ ತೋರಿಸಿದರೆ ಮಾತ್ರ ಉಳಿಯುತ್ತದೆ ಎಂದು ಗ್ಲೆಬ್ ಅರ್ಕಾದಿಚ್ ಹೊಸ ಜಾಗ ಹುಡುಕತೊಡಗಿದ. ಹುಡುಕಿ ಹುಡುಕಿ ಆರಿಸಿದ್ದು ಯಾವುದನ್ನು? ನದಿಯ ತಿರುವನ್ನು! ಬೇಸಿಗೆಯ ಕೊನೆಯಲ್ಲಿ ಅಲ್ಲಿ ಗುಂಡಿ ತೋಡಿದರು. ಮಣ್ಣು ತೆಗೆಯುವ ಮೊದಲು ಅವನು ದೋಣಿಯನ್ನು ದಂಡೆಗೆ ಕಟ್ಟಲು ಹೋದಾಗ ಗುಂಡಿಯಲ್ಲಿ ಮಾವ್ರಾ ಒಬ್ಬಳೇ ಇದ್ದಳು. ಅಂದು ಬೆಳಿಗ್ಗೆ ನನ್ನ ಪಾತ್ರೆಯಿಂದ ಒಂದು ಡಬ್ಬ ಚಿರ್ ಮೀನಿನ ಸಾರು ತುಂಬಿಸಿಕೊಂಡು ಹೋಗಿದ್ದಳು. ಪ್ರೊಕೋಪಿಗೆ ಅದೆಂದರೆ ಪ್ರಾಣ.

ಚಳಿಗಾಲದ ನಡುವೆ ಯಂತ್ರ ಲೆಕ್ಕ ಕೊಟ್ಟಿತು. ಗ್ಲೆಬ್ ಅರ್ಕಾದಿಚ್ ಅಡುಗೆಮನೆಗೆ ಓಡಿಬಂದು ನನ್ನನ್ನೇ ಅಪ್ಪಿಕೊಂಡ. ಕನ್ನಡಕ ಸಾರಿನೊಳಗೆ ಬೀಳುವುದೊಂದು ಬಾಕಿ.

“ತಿರುವಿನ ಮಣ್ಣು ತಿಂದಿದೆ! ನೀರು ಹೆಪ್ಪುಗಟ್ಟೋ ಚಳಿಯಲ್ಲೂ ತಿಂದು ಬೆಳೆದಿದೆ! ಬೇರೆ ಗುಂಡಿಗಳು ಇದರ ಮುಂದೆ ಏನೂ ಅಲ್ಲ!”

ಅವನು ಆಗಲೇ ರೇಡಿಯೋದಲ್ಲಿ ಕೇಂದ್ರ ನಡೆಸುವ ಸಂಸ್ಥೆಗೆ ಸುದ್ದಿ ಮುಟ್ಟಿಸಿಬಿಟ್ಟಿದ್ದ. ಮಾವ್ರಾ ಬಾಗಿಲಲ್ಲಿ ನಿಂತಿದ್ದಳು, ಮುಖದ ಶಾಲು ಇನ್ನೂ ಬಿಚ್ಚಿರಲಿಲ್ಲ.

“ತಿಂದಿದ್ದಾನಾ?” ಎಂದಳು.

“ತಿಂದಿದೆ, ಮಾವ್ರಾ ಯೆಗೊರೊವ್ನಾ!”

ಅವಳು ನೆಲಕ್ಕೆ ಕುಸಿದು ಕೂತು ಜೋರಾಗಿ ಅತ್ತಳು. ನಗುತ್ತಲೂ ಇದ್ದಳು. “ನಾನು ಹಾಕಿದ ಸಾರು ಮುಟ್ಟಿತು ಗ್ರೂನ್ಯಾ! ಗುಂಡಿ ಒಳಗೇ ಸುರಿದಿದ್ದೆ ಕಣೇ, ಅವನ ಬಾಯಿಗೇ ಬೀಳ್ಲಿ ಅಂತ. ತಿಂದಿದ್ದಾನೆ!”

ಗ್ಲೆಬ್ ಅರ್ಕಾದಿಚ್‌ನ ಮುಖದ ರಕ್ತ ಇಳಿದುಹೋಯಿತು. “ಗುಂಡಿ ಒಳಗಾ?” ಎಂದ. ಬೆಂಚಿನ ಮೇಲೆ ಕೂತುಬಿಟ್ಟ. ಬೈದಿದ್ದರೆ ಒಳ್ಳೆಯದಿತ್ತು, ಪುಣ್ಯಾತ್ಮ ಬೈಯಲಿಲ್ಲ.

ನದಿ ಗಟ್ಟಿಯಾಗಿದ್ದಾಗಲೇ ತಿರುವಿನಲ್ಲಿ ಇನ್ನೊಂದು ಗುಂಡಿ ತೆಗೆಯಬೇಕೆಂದ, ಈ ಸಲ ಏನೂ ಹಾಕದೆ. ಮಾವ್ರಾಳ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ರೀತಿಯಲ್ಲೂ ಬೇಡಿಕೊಂಡ. “ಒಂದೇ ಒಂದು ಸಲ. ನನಗೆ ನಿಜ ಗೊತ್ತಾಗಬೇಕು.” ಅವಳು ಒಪ್ಪಿದಳು. ಬೆಂಕಿ ಹಾಕಿ ನೆಲ ಸಡಿಲಿಸಿ ಮಣ್ಣು ತಂದರು. ಅಂದು ಸಂಜೆ ಅವಳು ಊಟ ಮುಟ್ಟಲಿಲ್ಲ. “ಬಾಯಿ ತೆರೆಸಿ ಬಂದೆ ಗ್ರೂನ್ಯಾ. ಒಂದು ಚೂರೂ ಇಡ್ಲಿಲ್ಲ,” ಎಂದಷ್ಟೇ ಹೇಳಿ ಗೋಡೆಗೆ ತಿರುಗಿ ಮಲಗಿದಳು.

ಬೇಸಿಗೆಯ ಹೊತ್ತಿಗೆ ಫಲಿತಾಂಶ ಬಂತು. ಇದ್ದೂ ಇಲ್ಲದಂಥ ಬೆಳವಣಿಗೆ, ಎಲ್ಲ ಗುಂಡಿಗಳಂತೆಯೇ. ಗ್ಲೆಬ್ ಅರ್ಕಾದಿಚ್ ಮೊದಲಿನ ಸುದ್ದಿ ತಪ್ಪೆಂದು ತಾನೇ ಸಂಸ್ಥೆಗೆ ತಿಳಿಸಿದ. ಕೇಂದ್ರಕ್ಕೆ ಬೀಗ ಬೀಳುವುದು ಖಚಿತವಾಯಿತು. ಮಾವ್ರಾ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಈ ಸಲ ಯಾಕೆ ತಿನ್ಲಿಲ್ಲ?” ಎಂದು ಅವನನ್ನೇ ಕೇಳಿದಳು.

ಅವನು ಪಾಪ, ತಿಳಿಹೇಳಲು ಕೂತ. “ಈ ಮಣ್ಣಿನಲ್ಲಿರೋ ಜೀವಕ್ಕೆ ಯಾವಾಗಲೂ ಹಸಿವು, ಮಾವ್ರಾ ಯೆಗೊರೊವ್ನಾ. ಅವತ್ತು ನಿಮ್ಮ ಸಾರು ಸಿಕ್ಕಿತ್ತು, ಚಿಗುರಿಕೊಂಡಿತು. ಎಷ್ಟು ಕೊಟ್ಟರೆ ಅಷ್ಟು ತಿನ್ನುತ್ತೆ. ಕೊಡದಿದ್ದರೆ ಹಸಿದುಕೊಂಡೇ ಬಿದ್ದಿರುತ್ತೆ.”

“ಯಾವಾಗಲೂ ಹಸಿವಾ?”

“ಯಾವಾಗಲೂ.”

ನಾನೂ ಅಲ್ಲೇ ಇದ್ದೆ. ಅವನು ಮಣ್ಣಿನ ವಿಷಯ ಹೇಳಿದ್ದ. ಅವಳು ಕೇಳಿಸಿಕೊಂಡದ್ದು ಯಾರ ವಿಷಯವೆಂದು ನನಗೆ ಗೊತ್ತಿತ್ತು. “ಅದು ಪ್ರೊಕೋಪಿ ಅಲ್ಲ ಕಣೇ ಮಾರಾಯ್ತಿ, ಕಣ್ಣಿಗೆ ಕಾಣದ ಹುಳ!” ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಗ್ಲೆಬ್ ಅರ್ಕಾದಿಚ್ ಕೂಡ ಹೇಳಿದ, ಮತ್ತೆ ಮತ್ತೆ ಹೇಳಿದ. ಅವಳು ತಲೆಯಾಡಿಸಿದಳು, ಆದರೆ ನಮ್ಮಿಬ್ಬರ ಮುಖ ನೋಡಲಿಲ್ಲ.

ಶರತ್ಕಾಲದಲ್ಲಿ ನಮ್ಮನ್ನು ಕರೆದೊಯ್ಯಲು ಹೆಲಿಕಾಪ್ಟರ್ ಬಂತು. ಯಂತ್ರಗಳನ್ನು ಸಾಗಿಸಲು ಮುಂದಿನ ಬೇಸಿಗೆಯೇ ಆಗಬೇಕಿತ್ತು, ಅಲ್ಲಿಯವರೆಗೆ ಕಾವಲಿಗೆ ಯಾರಾದರೂ ಬೇಕು. ನಾನಿರುತ್ತೇನೆ ಎಂದಳು ಮಾವ್ರಾ. ಎಳೆದುಕೊಂಡು ಹೋಗಲು ನೋಡಿದೆ, ನನ್ನ ಕೈ ಬಿಡಿಸಿಕೊಂಡಳು.

“ಹುಚ್ಚು ಹಿಡಿದಿದೆಯೇನೇ ನಿನಗೆ? ಈ ಹಾಳು ಜಾಗದಲ್ಲಿ ಒಬ್ಬಳೇ ಏನ್ ಮಾಡ್ತೀಯ?”

“ಇವರೇ ಅಳೆದು ಹೇಳಿದ್ರಲ್ಲ ಗ್ರೂನ್ಯಾ,” ಎಂದು ಗ್ಲೆಬ್ ಅರ್ಕಾದಿಚ್‌ನತ್ತ ಕೈ ತೋರಿಸಿದಳು. “ಕೊಟ್ರೆ ತಿಂತಾನೆ, ಕೊಡದಿದ್ರೆ ಉಪವಾಸ. ನಾನು ಹೋದ್ರೆ ಯಾರು ಕೊಡ್ತಾರೆ?”

ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಹೆಲಿಕಾಪ್ಟರಿನವನು ಕೂಗುತ್ತಿದ್ದ. ನಾವು ಹತ್ತಿದೆವು. ನೆಲಮಾಳಿಗೆಯ ತುಂಬ ಮೀನು, ಮೂಟೆಗಟ್ಟಲೆ ಹಿಟ್ಟು, ಎಣ್ಣೆ, ಸಕ್ಕರೆ, ಚಹಾ ಎಲ್ಲವನ್ನೂ ನಾನೇ ಜೋಡಿಸಿಟ್ಟಿದ್ದೆ. ಒಬ್ಬಳು ಹೆಂಗಸು ಮರುಬೇಸಿಗೆಯವರೆಗೆ ತಿಂದು ಮಿಗಿಸಬಹುದಿತ್ತು.

ವಸಂತದಲ್ಲಿ ನರಿ ಬೇಟೆಗೆ ಹೋಗಿದ್ದವರು ಸುದ್ದಿ ತಂದರು. ಒಲೆ ಆರಿತ್ತಂತೆ, ಪಕ್ಕದಲ್ಲಿ ಸೌದೆ ಇತ್ತಂತೆ. ಹಾಸಿಗೆಯಲ್ಲಿ ಮಾವ್ರಾ ಎಲುಬು ಚರ್ಮವಾಗಿ ಮಲಗಿದ್ದಳಂತೆ. ನೆಲಮಾಳಿಗೆಯಲ್ಲಿ ಒಂದು ಮೀನೂ ಇರಲಿಲ್ಲ. ಮನೆಯಿಂದ ತಿರುವಿನವರೆಗೆ ಜಾರುಬಂಡಿ ಎಳೆದ ಜಾಡು ಗಟ್ಟಿಯಾಗಿ ಬಿದ್ದಿತ್ತು. ದಂಡೆಯ ಮೇಲೆ ಹಿಟ್ಟಿನ ಖಾಲಿ ಚೀಲಗಳು, ಸುತ್ತ ನರಿಗಳ ಹೆಜ್ಜೆ. ಅಂಥ ಕೊಬ್ಬಿದ ನರಿಗಳನ್ನು ಆ ಸೀಮೆಯಲ್ಲಿ ತಾವು ಕಂಡೇ ಇರಲಿಲ್ಲ ಎಂದರು.

ಕೆಲವು ದಿನಗಳ ಮೇಲೆ ನಮ್ಮ ಹಳ್ಳಿಯ ಅಂಚೆ ಕಚೇರಿಗೆ ಗ್ಲೆಬ್ ಅರ್ಕಾದಿಚ್‌ನ ಫೋನು ಬಂತು. ಇದ್ದಬದ್ದ ಬೈಗುಳವನ್ನೆಲ್ಲ ನಾಲಿಗೆಯ ಮೇಲೆ ಇಟ್ಟುಕೊಂಡೇ ಹೋಗಿದ್ದೆ. ಅವನ ದನಿ ಕೇಳಿದ ಮೇಲೆ ಒಂದೂ ಹೊರಡಲಿಲ್ಲ.

“ಮಾವ್ರಾ ಯೆಗೊರೊವ್ನಾ ಹೇಗಿದ್ದಾರೆ?” ಎಂದು ಕೇಳಿದ.

“ಸತ್ತಳು. ಹಸಿವಿನಿಂದ.”

ತಂತಿಯ ಗರಗರ ಸದ್ದಿನ ನಡುವೆ ಬಹಳ ಮೆಲ್ಲಗೆ ಕೇಳಿದ: “ಯಾಕೆ, ಊಟಕ್ಕೆ ಇರಲಿಲ್ವಾ?”

“ಇತ್ತು,” ಎಂದೆ.