ಸ್ಪೇನಿಗೆ ಹೊರಟ ಸಂಗಣ್ಣ

ನಾಲತವಾಡದ ಬಜಾರಿನಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ. ಪಹಣಿ ತೆಗೆಸುವವರು, ಆಧಾರ್ ತಿದ್ದಿಸುವವರು ಬಂದು ತಲೆ ತಿನ್ನುವುದು ದಿನದ ಪಾಡು. ಅವತ್ತು ಕುರಿ ಕಾಯುವ ಸಂಗಣ್ಣ ಹೆಗಲ ಕಂಬಳಿ ಸಮೇತ ಒಳಗೆ ಬಂದು, "ಚನ್ನಬಸಯ್ಯಾರ, ಸ್ಪೇನಿಗೆ ಹೋಗಬೇಕ್ರಿ. ವೀಸಾ ಮಾಡಿಕೊಡ್ರಿ" ಅಂದಾಗ ಬಾಯಲ್ಲಿದ್ದ ಚಹಾ ಉಗುಳುವುದೊಂದು ಬಾಕಿ.

"ತಲಿ ನೆಟ್ಟಗೈತೇನೋ?"

"ಪಾಬ್ಲೊ ಕರದಾನ್ರಿ."

ಪಾಬ್ಲೊ ಆ ದೇಶದ ಕುರಿಗಾರ. ನಮ್ಮ ಕಡೆಯ ಕರಿ ಕುರಿ ನೋಡಲು ಬಂದವನು ತಂಗಡಗಿ ಹತ್ತಿರ ಹೊಳೆ ದಂಡೆಯಲ್ಲಿ ಸಂಗಣ್ಣನ ಜೊತೆ ಒಂದು ವಾರ ಇದ್ದು ಹೋಗಿದ್ದ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಒಂದೇ ಗಂಗಾಳದಲ್ಲಿ ರೊಟ್ಟಿ ಮುರಿದು ತಿಂದರು. ಹೆಂಡತಿ ಸಾತವ್ವ ತೀರಿಕೊಂಡ ಮೇಲೆ ಸಂಗಣ್ಣನ ಜೊತೆ ಕೂತು ಉಂಡವನು ಅವನೊಬ್ಬನೇ. ಮಕ್ಕಳಿಲ್ಲ. ಈಗ ಆ ಪಾಬ್ಲೊ, ಚಳಿಗೆ ಮೊದಲು ಕುರಿಗಳನ್ನು ಬೆಟ್ಟದಿಂದ ಇಳಿಸುತ್ತೇವೆ, ಜೊತೆಗೆ ನಡೆಯಲು ಬಾ, ಖರ್ಚು ನನ್ನದು ಎಂದು ಯಾರಿಂದಲೋ ಕನ್ನಡ ಮಾಡಿಸಿ ಬರೆದಿದ್ದ.

ಪಾಸ್‌ಪೋರ್ಟು, ವಿಮೆ, ಟಿಕೆಟು, ಉಳಿಯುವ ಮನೆಯ ವಿಳಾಸ, ಎಲ್ಲ ಹೊಂದಿಸಿಕೊಟ್ಟೆ. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದ. ಇನ್ನು ಉಳಿದದ್ದು, ಇವನು ಮರಳಿ ಊರಿಗೆ ಬರುತ್ತಾನೆ ಎಂದು ಅವರಿಗೆ ನಂಬಿಕೆಯಾಗುವುದು. "ಕೇಳಿದ್ರ, ಕುರಿ ಅದಾವು, ಮನಿ ಐತಿ, ಅದಕ್ಕ ಹೊಳ್ಳಿ ಬರ್ತೇನಿ ಅನ್ನು" ಎಂದು ಬಾಯಿಪಾಠ ಮಾಡಿಸಿದೆ.

ವೀಸಾ ಕಚೇರಿಯ ಫೋನು ಬಂದಾಗ ಅವನು ನನ್ನ ಅಂಗಡಿಯಲ್ಲೇ ಇದ್ದ. ಆ ಕಡೆಯ ಹೆಣ್ಣುಮಗಳು ಕನ್ನಡದಲ್ಲೇ ಕೇಳಿದಳು: ಮನೆಯಲ್ಲಿ ಯಾರಿದ್ದಾರೆ? ಕುರಿಗಳೆಲ್ಲಿ?

"ಮನ್ಯಾಗ ಯಾರೂ ಇಲ್ರೀ ಅವ್ವಾರ. ಕುರಿ ಎಲ್ಲಾ ಮಸೂತಿ ಊರಿನ ಗೆಳೆಯ ಬಸಂತರಾಯಗ ಒಪ್ಪಿಸಿಬಿಟ್ಟೇನಿ. ಹಿಂದ ಏನೂ ಇಟ್ಟಿಲ್ಲ. ನೀವು ಬೇಫಿಕರ್ ಇರ್ರಿ!"

ಹಣೆ ಚಚ್ಚಿಕೊಂಡೆ. ದೂರದ ದಾರಿ ಹಿಡಿಯುವ ಮೊದಲು, ಮರಳುವ ತನಕ ನೋಡಿಕೊಳ್ಳಲು ದನ ಕುರಿ ಎಲ್ಲ ನಂಬಿಕಸ್ಥರಿಗೆ ಒಪ್ಪಿಸಿ, ಹಿಂದೆ ತೊಡಕಿಲ್ಲದೆ ಹೊರಡುವುದು ಅವನ ಮನೆತನದ ರೂಢಿ. ನೆಂಟನಾಗಿ ಹೋದ ಮನೆಯಲ್ಲಿ ಕೂತು ಕುರಿಯ ಚಿಂತೆ ಮಾಡಿದರೆ ಕರೆದವನಿಗೆ ಅವಮಾನವಂತೆ. ಆ ಪುಣ್ಯಾತ್ಮ ಅದನ್ನು ಹೆಮ್ಮೆಯಿಂದಲೇ ಹೇಳಿದ್ದ.

ವೀಸಾ ಸಿಗಲಿಲ್ಲ. ಹಿಂತಿರುಗುವನೆಂಬ ಭರವಸೆ ಇಲ್ಲ ಎಂದು ಬರೆದಿದ್ದರು. ಓದಿ ಹೇಳಿ, ಸಿಟ್ಟು ತಡೆಯಲಾರದೆ, "ಹುಚ್ಚಪ್ಪಾ, ಒಂದ ಸುಳ್ಳ ಹೇಳಾಕ ಏನಾಗಿತ್ತ ನಿನಗ? ನಡಿ, ಮತ್ತೊಮ್ಮಿ ಹಾಕೋಣು" ಎಂದೆ.

"ಬ್ಯಾಡ ಬಿಡ್ರಿ. ಅವರು ಬರದದ್ದು ಖರೇನ ಐತಿ. ಬರ್ತೀ ಏನಂತ ಪಾಬ್ಲೊ ಕೇಳಿದ. ಹೊಳ್ಳಿ ಬರ್ತೀ ಏನಂತ ಇವರು ಕೇಳಿದ್ರು. ನಮ್ಮೂರಾಗ ಯಾವಾಗ ಬಂದಿ ಅಂತ ಸೈತ ಯಾರೂ ಕೇಳಂಗಿಲ್ರಿ."

ಮತ್ತೊಮ್ಮೆ ಹಾಕಲು ತೆರೆದಿದ್ದ ಅರ್ಜಿಯನ್ನು ಮುಚ್ಚಿದೆ.

ಬಸಂತರಾಯನಿಂದ ಕುರಿ ಬಿಡಿಸಿಕೊಂಡು ಸಿಂದಗಿ, ಇಂಡಿ ಕಡೆ ಮೇಯಿಸಲು ಹೊರಟ ದಿನ ಅಂಗಡಿಗೆ ಬಂದ. ಮನೆಯ ಕೀಲಿಕೈ ಮೇಜಿನ ಮೇಲಿಟ್ಟ. "ಯಾರರೆ ಕೇಳಿದ್ರ, ದೀಪಾವಳಿಗೆ ಬರ್ತಾನಂತ ಹೇಳ್ರಿ."

ಕೀಲಿಕೈಯನ್ನು ಎಲ್ಲರಿಗೂ ಕಾಣುವಂತೆ ಪ್ರಿಂಟರಿನ ಮೇಲಿನ ಮೊಳೆಗೆ ತೂಗುಹಾಕಿದ್ದೇನೆ. ನಾಡಿದ್ದು ದೀಪಾವಳಿ. ಇಷ್ಟು ಜನ ಬಂದು ಹೋದರು, ಅದು ಯಾರ ಮನೆಯದು ಎಂದು ಒಬ್ಬರೂ ಕೇಳಿಲ್ಲ.