ಟವೆಲ್ಲಿನ ಕೆಳಗೆ ಐದು ಬೆರಳು

ಖಾದರಣ್ಣನಿಗೆ ಸಿಗಬೇಕಾಗಿದ್ದ ಕಾರು ಅವನಿಗೆ ಸಿಗದಂತೆ ಮಾಡಿದವನು ನಾನು. ಅಂಗಡಿಯವರಲ್ಲ, ಅವನ ನಸೀಬಲ್ಲ, ಅವನ ಮನೆಯವರಂತೂ ಅಲ್ಲ — ನಾನು. ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಮೊದಲು ಯಾರಿಗೆ ಹೇಳಬೇಕಾಗಿತ್ತೋ ಅವನು ಈಗ ಇಲ್ಲ.

ನನಗೆ ಶಾಲೆಯ ದಿನಗಳಿಂದಲೂ ದಿನಚರಿ ಬರೆಯುವ ಅಭ್ಯಾಸ. ಬಸ್ಸಿಗೆ ಕೊಟ್ಟ ದುಡ್ಡು, ಭೇಟಿಯಾದವರ ಹೆಸರು, ಮೊದಲ ಮಳೆ ಬಿದ್ದ ದಿನ, ಎಲ್ಲವನ್ನೂ ಬರೆದಿಡುವವನು. ಹಾಗಾಗಿ ತಾರೀಖಿನಲ್ಲಿ ಅನುಮಾನವಿಲ್ಲ. ಅದು 1959ರ ಫೆಬ್ರವರಿ ಹನ್ನೊಂದು, ಬುಧವಾರ. ಆಗ ನನಗೆ ಇಪ್ಪತ್ತಮೂರು ವರ್ಷ.

ನಮ್ಮದು ಬನವಾಸಿ ಕಡೆಯಿಂದ ಶಿರಸಿಗೆ ಬಂದ ಮನೆತನ. ಅಪ್ಪನದು ಎತ್ತಿನ ವ್ಯಾಪಾರ. ಪೇಟೆಯಲ್ಲಿ ಅಕ್ಕಿಯ ಅಂಗಡಿಯೂ ಇತ್ತು. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕೈಗಳ ಮೇಲೆ ಹಾಕಿಕೊಂಡು, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಹಿಡಿದಷ್ಟು ಬೆರಳಿಗೆ ಅಷ್ಟು ಬೆಲೆ. ಸುತ್ತ ಹತ್ತು ಜನ ನಿಂತಿದ್ದರೂ ತಿಳಿಯುವುದು ಇಬ್ಬರಿಗೇ. ವ್ಯಾಪಾರ ಮುಗಿದ ಮೇಲೂ ಎಷ್ಟಕ್ಕೆ ಕೊಂಡೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಯಾರೂ ಹೇಳುವುದಿಲ್ಲ. ಅಪ್ಪ ಈ ಕೈವ್ಯಾಪಾರದಲ್ಲಿ ಹಾವೇರಿಯವರೆಗೂ ಹೆಸರು ಮಾಡಿದವರು. ನಾನು ಮಾತ್ರ ಅವರ ಲೆಕ್ಕದಲ್ಲಿ ಯಾವುದಕ್ಕೂ ಬಾರದವನು. ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಹೇಳುತ್ತಿದ್ದರು: “ನಮ್ಮ ಈರಣ್ಣಗ ಕಾಗದ ಬರಿಯಾಕ ಕೊಡ್ರಿ, ಮುತ್ತಿನಂಗ ಬರೀತಾನ. ಒಂದು ಕುರಿ ಕೊಂಡು ಬಾ ಅನ್ನಬ್ಯಾಡ್ರಿ. ಹಗ್ಗ ಅಷ್ಟ ಹಿಡಕೊಂಡು ಬರ್ತಾನ.”

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗು — ಇರಲಿ, ಅದನ್ನು ನೆಪ ಮಾಡಬಾರದು.

ಖಾದರಣ್ಣ ನಮ್ಮ ಓಣಿಯವನು. ಬೇರೆಯವರ ಲಾರಿ ಓಡಿಸಿಕೊಂಡು ಇಪ್ಪತ್ತು ವರ್ಷ ದೇವಿಮನೆ ಘಟ್ಟ ಹತ್ತಿ ಇಳಿದವನು. ಅವನಿಗೆ ಇದ್ದದ್ದು ಒಂದೇ ಆಸೆ. ತನ್ನದೇ ಒಂದು ಹೊಸ ಕಾರು, ಅದನ್ನು ಶಿರಸಿಯಲ್ಲಿ ಬಾಡಿಗೆಗೆ ಓಡಿಸಬೇಕು. ಆಗ ಊರಿನಲ್ಲಿದ್ದ ಬಾಡಿಗೆ ಕಾರುಗಳೆಲ್ಲ ಮೂರು ಕೈ ದಾಟಿ ಬಂದ ಹಳೆಯವು. ಯಲ್ಲಾಪುರದಲ್ಲಿ ತಂದೆಯಿಂದ ಬಂದ ಜಾಗ ಮಾರಿ, ಉಳಿಸಿದ್ದು ಸೇರಿಸಿ ಅವನು ಹನ್ನೊಂದು ಸಾವಿರ ಕೂಡಿಸಿದ್ದ. ಅದರ ಮೇಲೆ ಅವನಲ್ಲಿ ಏನೂ ಇರಲಿಲ್ಲ. ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕೂತ.

“ಈರಣ್ಣ, ಇಂಜಿನ್ ನಾನು ನೋಡ್ತೀನಿ. ಬೆಲಿ ನೀನು ಮಾತಾಡು. ಕೋಟು ಹಾಕ್ಕೊಂಡವರ ಎದುರಿಗೆ ನನ್ನ ಬಾಯಿ ಏಳೂದಿಲ್ಲ. ನೀ ಓದಿದಂವ, ಸಾವಕಾರ್ರ ಮಗ.”

ನನ್ನನ್ನು ಬೆಲೆ ಮಾತಾಡಲು ಕರೆದ ಮೊದಲ ಮನುಷ್ಯ ಅವನು.

ಬೆಳಗಿನ ಬಸ್ಸಿಗೆ ಎಕ್ಕಂಬಿ, ಮುಂಡಗೋಡ ದಾಟಿ ಹುಬ್ಬಳ್ಳಿಗೆ ಹೋದೆವು. ಮೊದಲ ಅಂಗಡಿಯಲ್ಲಿ ಕಾರೇ ಇರಲಿಲ್ಲ. ಹೆಸರು ಬರೆಸಿ ಹೋಗಿ, ಎರಡು ವರ್ಷಕ್ಕೆ ಬರಬಹುದು ಎಂದರು. ಎರಡನೆಯದರಲ್ಲಿ ಒಂದು ಕಪ್ಪು ಕಾರು ನಿಂತಿತ್ತು. ಹೆಸರು ಬರೆಸಿದ್ದ ಯಾರೋ ಜಮೀನುದಾರರ ತಾಯಿ ಕಪ್ಪು ಬಣ್ಣ ಮನೆಗೆ ಬೇಡವೆಂದು ಹಟ ಹಿಡಿದದ್ದರಿಂದ ಅವರು ಬಂದ ಗಾಡಿಯನ್ನು ಬಿಟ್ಟು ಹೋಗಿದ್ದರು. ಖಾದರಣ್ಣ ಅದರ ಸುತ್ತ ಒಂದು ಸುತ್ತು ಹಾಕಿದ. ಬಾನೆಟ್ ತೆಗೆಸಿ ನೋಡಿದ. ಆಮೇಲೆ ಬಾಗಿಲಿನ ಹಿಡಿಕೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತ.

ನಾನು ಅವನನ್ನು ಹೊರಗೆ ಕರೆದುಕೊಂಡು ಬಂದೆ. “ಕೊಳ್ಳುವವನ ಕಣ್ಣು ಮಾರುವವನಿಗೆ ಕಾಣಬಾರದು, ನೀನು ಎದುರಿನ ಚಹಾದಂಗಡಿಯಲ್ಲೇ ಇರು” ಎಂದೆ. ಅಪ್ಪ ಎತ್ತು ಕೊಳ್ಳುವಾಗ ಮಾಡುತ್ತಿದ್ದದ್ದು ಅದನ್ನೇ. ಬೆಲೆ ಇಳಿದ ಮೇಲೆ ಅಂಗಡಿಯವರ ಎದುರಿಗೆ ಬಾಯಲ್ಲಿ ಹೇಳದೆ ಟವೆಲ್ಲಿನ ಕೆಳಗೆ ತಿಳಿಸುವುದೆಂದು ಮಾತಾಯಿತು. ಮುಷ್ಟಿ ಒತ್ತಿದರೆ ಹನ್ನೊಂದು ಸಾವಿರದ ಒಳಗೆ. ಬೆರಳು ಹಿಡಿದರೆ ಬೆರಳಿಗೆ ನೂರರಂತೆ ಹನ್ನೊಂದರ ಮೇಲೆ.

“ಮುಷ್ಟಿನ ಒತ್ತಬೇಕು ನೋಡು” ಎಂದು ಅವನು ನಕ್ಕ.

ಒಳಗೆ ಹೋಗಿ ಮ್ಯಾನೇಜರರ ಎದುರು ಕುಳಿತೆ. ಅವರು ಎಲ್ಲ ಸೇರಿ ಹನ್ನೊಂದು ಸಾವಿರದ ಎಂಟುನೂರು ಎಂದರು. ಕಾರಿನ ಬೆಲೆ ಕಂಪನಿಯದು, ಅದು ಕದಲುವುದಿಲ್ಲವೆಂದು ನನಗೆ ಗೊತ್ತಿತ್ತು. ಕದಲುವುದು ಅದರ ಮೇಲೆ ಹೇರಿದ್ದು — ಸಾಗಣೆ, ಸೀಟಿನ ಹೊದಿಕೆ, ಯಾರೂ ಕೇಳದ ರೇಡಿಯೋ, ‘ಇತರೆ’ ಎಂಬ ಒಂದು ಸಾಲು. ನಾನು ಒಂದೊಂದನ್ನೇ ಹಿಡಿದು ಕೇಳಿದೆ. ರೇಡಿಯೋ ಬಿಚ್ಚಿಕೊಳ್ಳಿ ಎಂದೆ. ‘ಇತರೆ’ ಎಂದರೇನು, ಬಿಡಿಸಿ ಹೇಳಿ ಎಂದೆ. ಕಪ್ಪು ಗಾಡಿ ಇನ್ನೆಷ್ಟು ದಿನ ನಿಮ್ಮ ಜಾಗ ತಿನ್ನುತ್ತದೆ ಎಂದೆ. ಒಮ್ಮೆ ಎದ್ದು ಬಾಗಿಲವರೆಗೆ ಬಂದೆ. ಅವರು ಕರೆದರು. ಕೊನೆಗೆ ಪೆನ್ನು ಕೆಳಗಿಟ್ಟು, “ಹತ್ತು ಸಾವಿರದ ಎಂಟುನೂರು. ಇನ್ನ ನನ್ನ ಅಂಗಿ ಬಿಚ್ಚಿಸಬ್ಯಾಡ್ರಿ” ಎಂದರು. ಆಮೇಲೆ ನನ್ನನ್ನೇ ನೋಡಿ ಕೇಳಿದರು: “ಯಾವ ಮನಿತನದವರ್ರೀ ನೀವು? ವ್ಯಾಪಾರ ರಕ್ತದಾಗ ಐತಿ ನಿಮಗ.”

ಆ ಮಾತು ಅಪ್ಪ ಕೇಳಬೇಕಾಗಿತ್ತು. ನನಗೆ ಹೊಳೆದದ್ದು ಅಷ್ಟೇ — ಇದನ್ನು ಅಪ್ಪ ಕೇಳಬೇಕಾಗಿತ್ತು. ಅವರು ಕಾರು ಕೊಳ್ಳುವ ಮಾತನ್ನು ದೀಪಾವಳಿಯಿಂದಲೂ ಆಡುತ್ತಿದ್ದರು. ಬಾಗಿಲಿನಿಂದ ಚಹಾದಂಗಡಿಗೆ ಮೂವತ್ತು ಮಾರು ದೂರವಿರಬಹುದು. ಅಷ್ಟು ದೂರದಲ್ಲಿ ನಾನು... ಹೌದು, ಅಷ್ಟರಲ್ಲೇ. ಇನ್ನೂ ಒಂದು ಮಾತನ್ನು ಮುಚ್ಚಿಡಬಾರದು. ಲಾರಿ ಡ್ರೈವರ್ ಖಾದರ್ ಸಾಬ್ ಹೊಸ ಕಾರಿನಲ್ಲಿ ನಮ್ಮ ಅಂಗಡಿಯ ಮುಂದೆ ಇಳಿಯುವುದು, ನಾವು ಕಟ್ಟೆಯ ಮೇಲೆ ಕುಳಿತು ಅದನ್ನು ನೋಡುವುದು — ಅದು ನನ್ನ ಕಣ್ಣಿಗೆ ಬಂತು. ಹಿಡಿಸಲಿಲ್ಲ.

ಅಂಗಡಿಯ ಗುಮಾಸ್ತ ನನ್ನ ಹಿಂದೆಯೇ ಬಂದಿದ್ದ. ನಾನು ಟವೆಲ್ ಹಾಕಿ ಖಾದರಣ್ಣನ ಕೈ ಹಿಡಿದೆ.

“ಏನ್ರೀ, ಒಳಗ ಹಾವು ಹಿಡ್ಯಾಕ ಹತ್ತೀರೇನು?” ಎಂದು ಗುಮಾಸ್ತ ನಕ್ಕ.

ಲಾರಿಯ ಸ್ಟಿಯರಿಂಗ್ ಹಿಡಿದು ಜಡ್ಡುಗಟ್ಟಿದ ಅಂಗೈ ಅದು. ನಾನು ಮುಷ್ಟಿ ಒತ್ತಲಿಲ್ಲ. ಐದು ಬೆರಳನ್ನೂ ಹಿಡಿದೆ.

ಅವನು ನನ್ನ ಮುಖ ನೋಡಲಿಲ್ಲ. ಮತ್ತೊಮ್ಮೆ ಹಿಡಿ ಎಂಬಂತೆ ಕೈಯನ್ನು ಹಾಗೇ ಬಿಟ್ಟಿದ್ದ. ನಾನು ಮತ್ತೊಮ್ಮೆ ಹಿಡಿದೆ. ಐದೇ.

“ಎಂಟು ದಿನ ತಡೀತಾರೇನು, ಕೇಳಿ ನೋಡು” ಎಂದ, ಮೆಲ್ಲಗೆ.

“ಬ್ಯಾರೆ ಗಿರಾಕಿ ಅದಾನ, ಖಾದರಣ್ಣ” ಎಂದೆ.

ಬಾಯಿಂದ ನಾನು ಆಡಿದ್ದು ಅದೊಂದೇ ಮಾತು. ಅದು ಸುಳ್ಳೂ ಆಗಿರಲಿಲ್ಲ. ಆ ಗಿರಾಕಿ ನಾನೇ. ಎಷ್ಟೋ ವರ್ಷ ಈ ಮಾತನ್ನೇ ಹಿಡಿದುಕೊಂಡು ನಿದ್ದೆ ಮಾಡಿದ್ದೇನೆ — ನಾನು ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ ಎಂದು.

ಮರುದಿನ ಅಪ್ಪನನ್ನು ಕರೆದುಕೊಂಡು ಹೋದೆ. ಹತ್ತು ಸಾವಿರದ ಎಂಟುನೂರಕ್ಕೆ ಕಪ್ಪು ಕಾರು ನಮ್ಮದಾಯಿತು. ಅಂಗಡಿಯವರು ಕೊಟ್ಟ ಡ್ರೈವರ್ ಅದನ್ನು ಸಂಜೆಗೆ ಶಿರಸಿಗೆ ತಂದು ನಿಲ್ಲಿಸಿದ. ಅಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟರು. ಜೀವನದಲ್ಲಿ ಅದೇ ಮೊದಲು. ಖಾದರಣ್ಣನೂ ನೋಡಲು ಬಂದಿದ್ದ. ಅಪ್ಪ ಹನ್ನೊಂದೂವರೆ ಕೊಟ್ಟರೆಂದು ಅವನು ತಾನಾಗಿಯೇ ತಿಳಿದುಕೊಂಡ. ಬೆಲೆ ಕೇಳುವ ಪದ್ಧತಿ ಇಲ್ಲವಲ್ಲ. “ಸಾವಕಾರ್ರಿಗೆ ಆಗ್ತದ, ಕೊಟ್ಟರು. ಮನಿಯೊಳಗ ಬಂತಲ್ಲ, ಅದ ಸಂತೋಷ” ಎಂದ. ವಾರ ಕಳೆದ ಮೇಲೆ ಅಪ್ಪ ಅವನನ್ನೇ ಡ್ರೈವರ್ ಆಗಿ ಇಟ್ಟುಕೊಂಡರು.

ಇಲ್ಲಿಂದ ಮುಂದಿನದನ್ನು ಬರೆಯುವುದು ಕಷ್ಟ. ಎಂಟು ವರ್ಷ ಅವನು ಆ ಕಾರು ಓಡಿಸಿದ — ಸಂಬಳಕ್ಕೆ. ಸಿದ್ದಾಪುರದ ಮದುವೆಗೆ, ಯಲ್ಲಾಪುರದ ಕೋರ್ಟಿಗೆ, ಹೆರಿಗೆಯ ಹೆಂಗಸರನ್ನು ಆಸ್ಪತ್ರೆಗೆ. ಯಾರ ಗಾಡಿ ಎಂದು ಯಾರಾದರೂ ಕೇಳಿದರೆ, “ಸಾವಕಾರ್ರದು. ಮೊದಲು ನೋಡಿದಂವ ಮಾತ್ರ ನಾನು” ಎನ್ನುತ್ತಿದ್ದ, ನಗುತ್ತ. ಹಿಂದಿನ ಸೀಟಿನಲ್ಲಿ ನಾನಿರುತ್ತಿದ್ದೆ. “ನಮ್ಮ ಈರಣ್ಣ ನನ್ನ ಸಲುವಾಗಿ ಹುಬ್ಬಳ್ಳಿ ಬಿಸಿಲಾಗ ಎರಡು ಅಂಗಡಿ ಅಲೆದಾನ್ರಿ” ಎಂದೂ ಸೇರಿಸುತ್ತಿದ್ದ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಯಲ್ಲಾಪುರದ ಜಾಗದ ಹಣ ಅವನ ತಮ್ಮನ ವ್ಯಾಪಾರಕ್ಕೆ ಹೋಗಿ ಹಾಗೇ ಕರಗಿತು. ಹೇಳಬೇಕೆಂದು ಅನ್ನಿಸಿದ ದಿನಗಳಿಲ್ಲವೆಂದಲ್ಲ. ಇನ್ನೊಂದು ದಿನ, ಇನ್ನೊಂದು ದಿನ... ಕಳೆದ ಜೂನ್‌ನಲ್ಲಿ ಮೂರು ದಿನದ ಎದೆನೋವಿನಲ್ಲಿ ಅವನು ಹೋದ.

ಗಂಡ ಸತ್ತ ಮೇಲೆ ಅವರಲ್ಲಿ ಹೆಂಗಸರು ಮನೆಯೊಳಗೇ ಕಳೆಯುವ ದಿನಗಳಿವೆ. ಅವು ಮುಗಿದ ಮೇಲೆ, ನವೆಂಬರ್‌ನಲ್ಲಿ, ಉಳಿದ ಸಂಬಳ ಕೊಡಲು ಖಾದರಣ್ಣನ ಹೆಂಡತಿ ಜುಬೇದಾ ಭಾಬಿಯ ಮನೆಗೆ ಹೋದೆ. ಮಗಳ ಮದುವೆ ಗೊತ್ತಾಗಿತ್ತು. ಭಾಬಿ ಒಂದು ಜೊತೆ ಚಿನ್ನದ ಬಳೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದರು.

“ಇವನ್ನ ಹುಡುಗಿ ಕೈಗೆ ಹಾಕಾಕ ಮನಸ್ಸಾಗೂದಿಲ್ಲ, ತಮ್ಮಾ” ಎಂದರು. “ಅವರ ಗಾಡಿ ತಿಂದ ಬಳಿ ಇವು.”

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಹುಬ್ಬಳ್ಳಿಯಿಂದ ಬಂದ ರಾತ್ರಿ ಖಾದರಣ್ಣ ಐದುನೂರು ಕಡಿಮೆ ಬಿತ್ತು ಎಂದನಂತೆ. ಬಳೆ ಕೊಡು ಎಂದು ಕೇಳಲಿಲ್ಲ. ಪೆಟ್ಟಿಗೆಯ ಕಡೆ ಒಮ್ಮೆ ನೋಡಿದನಂತೆ. ಅವು ಭಾಬಿಗೆ ತಾಯಿ ಕೊಟ್ಟ ಬಳೆ, ಮಗಳಿಗೆಂದು ಇಟ್ಟದ್ದು. “ಬೆಳಗಾಗಲಿ, ಹೇಳ್ತೀನಿ ಅಂದೆ. ಬೆಳಗ್ಗೆ ತೆಗೆದು ಕೊಟ್ಟೆ. ಬ್ಯಾಡ ಬಿಡು, ಗಿರಾಕಿ ಬಂದಾನಂತ ಅಂದ್ರು. ಸಂಜಿಗೆ ನಿಮ್ಮ ಮನಿಗೆ ಗಾಡಿ ಬಂತು. ಒಂದು ರಾತ್ರಿ, ತಮ್ಮಾ. ನಾ ಒಂದು ರಾತ್ರಿ ಬಂಗಾರ ಹಿಡಕೊಂಡು ಕುಂತೆ.”

ಯಲ್ಲಾಪುರದಲ್ಲಿರುವ ಅವರ ಅತ್ತೆಗೆ, ಖಾದರಣ್ಣನ ತಾಯಿಗೆ, ಈ ವಿಷಯ ತಿಳಿದಿತ್ತು. ನನ್ನ ಮಗನನ್ನು ಇನ್ನೊಬ್ಬರ ಡ್ರೈವರ್ ಮಾಡಿದವಳು ಎಂದು ಎಂಟು ವರ್ಷ ನೆಂಟರ ಎದುರು ಅಂದಿದ್ದಾರೆ. ಖಾದರಣ್ಣ ಒಂದು ದಿನವೂ ಅನ್ನಲಿಲ್ಲವಂತೆ. “ಅಂದಿದ್ರ ಚಲೋ ಇತ್ತು” ಎಂದರು ಭಾಬಿ.

ನಾನು ಅವನೊಬ್ಬನಿಗೆ ಮೋಸ ಮಾಡಿದೆ ಎಂದುಕೊಂಡಿದ್ದೆ. ನಮ್ಮದೇ ಓಣಿಯ ಈ ಮನೆಯಲ್ಲಿ, ನಾನು ಹಬ್ಬಕ್ಕೆ ಶೀರಖುರ್ಮಾ ಕುಡಿಯುತ್ತಿದ್ದ ಮನೆಯಲ್ಲಿ, ಇನ್ನೊಬ್ಬರು ನನ್ನ ತಪ್ಪನ್ನು ತಮ್ಮದೆಂದು ಹೊತ್ತುಕೊಂಡಿದ್ದರು. ಆ ದಿನವೂ ನಾನು ಹೇಳಲಿಲ್ಲ. ಚಹಾ ಕುಡಿದೆ. ಸಕ್ಕರೆ ಸರಿಯಾಗಿದೆಯೇ ಎಂದು ಅವರು ಕೇಳಿದರು. ಸರಿಯಾಗಿದೆ ಎಂದೆ. ಮೂರು ದಿನ ಬೇಕಾಯಿತು ಮತ್ತೆ ಆ ಬಾಗಿಲಿಗೆ ಹೋಗಲು.

ಹೇಳಿದೆ. ಟವೆಲ್, ಮುಷ್ಟಿ, ಐದು ಬೆರಳು, ಅಪ್ಪ ನಿಜಕ್ಕೂ ಕೊಟ್ಟ ಬೆಲೆ — ಯಾವುದನ್ನೂ ಬಿಡದೆ. ಅವರು ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದರು: “ಅವರ ಹತ್ತಿರ ಇದ್ದದ್ದು ಸಾಕಾಗ್ತಿತ್ತೇನು?”

“ಸಾಕಾಗಿ ಇನ್ನೂರು ಉಳೀತಿತ್ತು, ಭಾಬಿ.”

“ನನ್ನ ಮುಂದ ಹೇಳಿದ್ರ ಏನಾತು?” ಎಂದರು. “ಯಲ್ಲಾಪುರಕ್ಕ ಬಾ. ನನ್ನ ಅತ್ತಿ ಮುಂದ ಹೇಳು.”

ಡಿಸೆಂಬರ್ ಮೂರು, ಭಾನುವಾರ, ಬಸ್ಸಿನಲ್ಲಿ ಹೋದೆವು. ಭಾಬಿ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಮಂಚಿಕೇರಿಯಲ್ಲಿ ಬಸ್ಸು ನಿಂತಾಗಲೂ ಅವರು ತಿರುಗಲಿಲ್ಲ. ಅಜ್ಜಿ ಜಗಲಿಯಲ್ಲಿ ಬಿಸಿಲಿಗೆ ಕುಳಿತಿದ್ದರು. ತೀರಾ ವಯಸ್ಸಾಗಿದೆ, ಕಿವಿ ಬಹುತೇಕ ಕೇಳಿಸುವುದಿಲ್ಲ. ನಾನು ಎದುರಿಗೆ ಕುಳಿತು ಹೇಳಿದೆ.

“ಏನಂತಾನ ಇಂವ?” ಎಂದರು ಸೊಸೆಯ ಕಡೆ ತಿರುಗಿ.

“ಜೋರಾಗಿ ಹೇಳು” ಎಂದರು ಭಾಬಿ.

ಮತ್ತೆ ಹೇಳಿದೆ. ಕೇಳಿಸಲಿಲ್ಲ. ಎದ್ದು ನಿಂತು, ಅವರ ಕಿವಿಯ ಹತ್ತಿರ ಬಾಗಿ, ಕೂಗಿ ಹೇಳಿದೆ. ಖಾದರಣ್ಣನ ಹಣ ಸಾಕಿತ್ತು, ಸೊಸೆಯ ಬಳೆಯಿಂದ ಏನೂ ತಪ್ಪಲಿಲ್ಲ, ಕಡಿಮೆ ಬಿತ್ತು ಎಂದು ಸುಳ್ಳು ತಿಳಿಸಿ ಗಾಡಿಯನ್ನು ನಮ್ಮ ಮನೆಗೆ ತಂದವನು ನಾನು ಎಂದು. ಎದುರು ಮನೆಯವರು ಬಾಗಿಲಿಗೆ ಬಂದರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ನಿಲ್ಲಿಸಲಿಲ್ಲ, ಅಜ್ಜಿ ತಲೆಯಾಡಿಸುವವರೆಗೂ ಕೂಗಿದೆ.

ಅಜ್ಜಿ ಸೊಸೆಯನ್ನು ನೋಡಿದರು. ಕೈ ಚಾಚಿ ಅವರ ಸೆರಗನ್ನು ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

“ಖಾದರಗ ಹೇಳಿದ್ಯೇನು ಇದನ್ನ?”

“ಇಲ್ಲ, ಅಜ್ಜಿ.”

“ಏನು?”

“ಇಲ್ಲ” ಎಂದು ಕೂಗಿದೆ. “ಹೇಳಲಿಲ್ಲ.”